ಮನೆಗೆ ಕಳಿಸುವ ಮುನ್ನ

ಮಕ್ಕಳು ಸೇರುವ ಕಡೆ ಜ್ವರ ಹಬ್ಬಿತೆಂದರೆ ಮೊದಲು ಹೊಳೆಯುವ ಉಪಾಯ ಬಾಗಿಲು ಮುಚ್ಚುವುದು. 1918ರ ಶರತ್ಕಾಲದಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ಬಂದೆರಗಿದಾಗ ಅಮೆರಿಕದ ಹೆಚ್ಚಿನ ನಗರಗಳು ಅದನ್ನೇ ಮಾಡಿದವು. ಶಾಲೆಗಳನ್ನು ತೆರೆದೇ ಇಟ್ಟ ಕೆಲವೇ ನಗರಗಳಲ್ಲಿ ನ್ಯೂಯಾರ್ಕ್ ಒಂದು.

ಅದು ಹುಂಬತನದ ನಿರ್ಧಾರವಾಗಿರಲಿಲ್ಲ. ಅಲ್ಲಿನ ಸುಮಾರು 10 ಲಕ್ಷ ಶಾಲಾಮಕ್ಕಳಲ್ಲಿ ಮುಕ್ಕಾಲು ಪಾಲು ಗಾಳಿ ಬೆಳಕಿಲ್ಲದ, ಕಿಕ್ಕಿರಿದ ವಠಾರಗಳಲ್ಲಿ ಬೆಳೆಯುತ್ತಿದ್ದವರು. ಅಂಥ ಮಕ್ಕಳಿಗೆ ಮನೆಗಿಂತ ಶಾಲೆಯೇ ಕ್ಷೇಮವೆಂದು ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ ಡಾ. ಜೋಸೆಫೀನ್ ಬೇಕರ್ ವಾದಿಸಿದರು. ಮಕ್ಕಳು ಹೊರಗೆ ಗುಂಪುಗೂಡದೆ ನೇರವಾಗಿ ಶಿಕ್ಷಕರ ಬಳಿಗೆ ಬರಬೇಕು. ರೋಗಲಕ್ಷಣ ಕಂಡವರನ್ನು ಕೂಡಲೇ ಬೇರೆ ಕೂರಿಸಬೇಕು. ಆರೋಗ್ಯ ಇಲಾಖೆಯವರು ಮಗುವಿನೊಂದಿಗೆ ಮನೆಯವರೆಗೂ ಹೋಗಿ, ಆರೈಕೆಗೆ ಅಲ್ಲಿ ಅನುಕೂಲವಿದೆಯೇ ಎಂದು ನೋಡಬೇಕು. ಇಲ್ಲವಾದರೆ ಆಸ್ಪತ್ರೆಗೆ ಸೇರಿಸಬೇಕು.

ಈ ವಿವೇಕಕ್ಕೆ ಹಿಂದಿನದೊಂದು ಪಾಠವಿತ್ತು. ಅದೇ ನಗರದಲ್ಲಿ ವೈದ್ಯರು ಕಣ್ಣುಬೇನೆ, ಚರ್ಮರೋಗದ ಮಕ್ಕಳನ್ನು ಬರಿದೇ ಮನೆಗೆ ಅಟ್ಟುತ್ತಿದ್ದ ಕಾಲವೊಂದಿತ್ತು. ಚಿಕಿತ್ಸೆ ಸಿಗದೆ ಅವರು ಬೀದಿಯಲ್ಲಿ ಆಡಿಕೊಂಡಿರುತ್ತಿದ್ದರು. 1902ರಲ್ಲಿ ಲೀನಾ ರೋಜರ್ಸ್ ಎಂಬ ದಾದಿ ಅವರ ಮನೆಗಳಿಗೇ ಹೋಗಿ ಉಪಚಾರ ಕಲಿಸತೊಡಗಿದ ಮೇಲೆ, ಶಾಲೆಯಿಂದ ಹೊರಗುಳಿಯುವ ಮಕ್ಕಳ ಸಂಖ್ಯೆ ತೀವ್ರವಾಗಿ ಇಳಿಯಿತು.

1918ರಲ್ಲಿ ನ್ಯೂಯಾರ್ಕಿನ ಸಾವಿನ ಪ್ರಮಾಣ ಬೋಸ್ಟನ್, ಫಿಲಡೆಲ್ಫಿಯಾಗಳಿಗಿಂತ ಕಡಿಮೆಯಿತ್ತು. ಅದಕ್ಕೆ ತೆರೆದ ಶಾಲೆಗಳೇ ಕಾರಣವೆನ್ನಲಾಗದು. ಬೇಗನೆ ಬಾಗಿಲು ಮುಚ್ಚಿದ ಊರುಗಳೂ ಎಷ್ಟೋ ಜೀವ ಉಳಿಸಿಕೊಂಡವು. ಆದರೆ ಮಗುವನ್ನು ಎಲ್ಲಿಗೆ ಕಳಿಸುತ್ತಿದ್ದೇವೆಂದು ವಿಚಾರಿಸಿದ ಶ್ರೇಯಸ್ಸು ನ್ಯೂಯಾರ್ಕಿನದು.

2009ರಲ್ಲಿ ಎಚ್‌1ಎನ್‌1 ಹರಡಿದಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಶಿಶುಪಾಲನಾ ಕೇಂದ್ರಗಳಿಗೆ ನೀಡಿದ ಸೂಚನೆಗಳಲ್ಲಿ ಆ ಹಳೆಯ ಕ್ರಮದ ನೆರಳಿದೆ: ದಿನವೂ ಮಕ್ಕಳನ್ನು ಪರೀಕ್ಷಿಸಿ, ಅಸ್ವಸ್ಥರನ್ನು ಪ್ರತ್ಯೇಕಿಸಿ, ಔಷಧದ ನೆರವಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ ಮನೆಯಲ್ಲಿರಿಸಿ. ಆರು ತಿಂಗಳೊಳಗಿನ ಹಸುಳೆಗಳಿಗೆ ಈ ಲಸಿಕೆ ಕೊಡುವಂತಿಲ್ಲವಾದ್ದರಿಂದ ಅವರನ್ನು ನೋಡಿಕೊಳ್ಳುವವರು ಲಸಿಕೆ ಪಡೆಯಬೇಕು.

ಮನೆಯಲ್ಲಿರಿಸಿ ಎನ್ನುವುದು ಸುಲಭ, ಮನೆಯಲ್ಲಿ ಯಾರಿದ್ದಾರೆ? ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ 730 ದಿನಗಳ ಶಿಶುಪಾಲನಾ ರಜೆಯ ಸೌಲಭ್ಯವಿದೆ. ನಮ್ಮ ಮಹಾನಗರಗಳಲ್ಲಿ ಮನೆಗೆಲಸಕ್ಕೆ ಬರುವ ತಾಯಿಗೆ ಮಗುವಿನ ಜ್ವರವೆಂದರೆ ಆ ದಿನದ ಕೂಲಿಗೇ ಸಂಚಕಾರ. ಊರು ಬಿಟ್ಟು ಬಂದು, ಅಜ್ಜಿ ಅತ್ತೆಯರ ಆಸರೆಯಿಲ್ಲದೆ ಮಕ್ಕಳನ್ನು ಬೆಳೆಸಿದ ನಮ್ಮಂಥವರಿಗೂ ಈ ಕಷ್ಟದ ಒಂದಂಶ ಗೊತ್ತು. ಮಗುವನ್ನು ಮನೆಗೆ ಕಳಿಸುವ ನಿಯಮ ಬರೆಯುವವರು, ಆ ಮನೆಯ ಬಾಗಿಲವರೆಗಾದರೂ ಒಮ್ಮೆ ಹೋಗಿ ಬರಬೇಕು.