ಆಶ್ಲೇ ವೆಸ್ಟ್‌ವುಡ್: ಬೆಂಗಳೂರಿಗೆ ಲೀಗ್ ಗೆದ್ದುಕೊಟ್ಟ ಕೋಚ್

ಯಲಹಂಕ ಉಪನಗರದ ಟರ್ಫ್‌ಗಳಲ್ಲಿ ಆಡುವ ಹುಡುಗರ ಮೈಮೇಲೆ ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ನೀಲಿ ಜೆರ್ಸಿ ಈಗ ಮಾಮೂಲು. ಬೆನ್ನಿನ ಮೇಲೆ ಸುನಿಲ್ ಛೇತ್ರಿಯ ಹೆಸರಿರುತ್ತದೆ. ಕೋಚ್‌ನ ಹೆಸರನ್ನು ಯಾರೂ ಬರೆಸಿಕೊಳ್ಳುವುದಿಲ್ಲ. ಆದರೆ ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷವೇ ರಾಷ್ಟ್ರೀಯ ಲೀಗ್ ಗೆದ್ದದ್ದರ ಹಿಂದೆ, ಇಂಗ್ಲೆಂಡಿನಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿರದಿದ್ದ ಒಬ್ಬ ಮಾಜಿ ಡಿಫೆಂಡರ್ ಇದ್ದರು.

ಆಟಗಾರನಾಗಿ

ವೆಸ್ಟ್‌ವುಡ್ ಹುಟ್ಟಿದ್ದು 1976ರ ಆಗಸ್ಟ್ 31ರಂದು, ಇಂಗ್ಲೆಂಡಿನ ಬ್ರಿಡ್ಜ್‌ನಾರ್ತ್ ಎಂಬ ಪುಟ್ಟ ಊರಿನಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಪಳಗಿದರೂ ಹಿರಿಯರ ತಂಡದಲ್ಲಿ ಆಡುವ ಅವಕಾಶ ಸಿಗಲಿಲ್ಲ. ಕ್ರೂ ಅಲೆಕ್ಸಾಂಡ್ರಾ, ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆಡ್ನೆಸ್‌ಡೇ, ನಾರ್ಥಾಂಪ್ಟನ್, ಹೀಗೆ ಊರೂರು ಸುತ್ತಿದರು. 1999ರಲ್ಲಿ ಬ್ರಾಡ್‌ಫರ್ಡ್ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆದಾಗ ಆ ತಂಡದಲ್ಲಿದ್ದದ್ದೇ ಅವರ ಆಟಗಾರ ಜೀವನದ ಎತ್ತರ. ಬೂಟು ಕಳಚಿಟ್ಟ ಮೇಲೆ ಮೈಕೆಲ್ ಆಪಲ್‌ಟನ್ ಅವರ ಸಹಾಯಕರಾಗಿ ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಕ್ಲಬ್‌ಗಳಲ್ಲಿ ದುಡಿದರು. 2013ರ ಮಾರ್ಚ್‌ನಲ್ಲಿ ಬ್ಲ್ಯಾಕ್‌ಬರ್ನ್ ಕೆಲಸವೂ ಹೋಯಿತು.

ಅಶೋಕನಗರದ ಮೊದಲ ವರ್ಷ

ಬೆಂಗಳೂರಿನ ಫುಟ್‌ಬಾಲ್ ಬಿಎಫ್‌ಸಿಯಿಂದ ಶುರುವಾದದ್ದೇನಲ್ಲ. ಬೆಂಗಳೂರು ಮುಸ್ಲಿಮ್ಸ್ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತಂದಿತ್ತು. ಆಮೇಲೆ ಇಳಿಗಾಲ. 2012ರಲ್ಲಿ ಎಚ್‌ಎಎಲ್ ತಂಡ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ನಗರಕ್ಕೆ ಅಗ್ರ ಶ್ರೇಣಿಯಲ್ಲಿ ಒಂದು ತಂಡವೂ ಉಳಿದಿರಲಿಲ್ಲ.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಹೊಸ ಕ್ಲಬ್ ಕಟ್ಟಿ, ಆಗ 36 ವರ್ಷದವರಾಗಿದ್ದ ವೆಸ್ಟ್‌ವುಡ್ ಕೈಗೆ ಕೊಟ್ಟಿತು. ಸುನಿಲ್ ಛೇತ್ರಿ ನಾಯಕ. ರಕ್ಷಣೆಗೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಮುಂದೆ ಶಾನ್ ರೂನಿ, ರಾಬಿನ್ ಸಿಂಗ್. ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ವಿರುದ್ಧದ ಮೊದಲ ಪಂದ್ಯ 1–1 ಡ್ರಾ. ಏಳು ತಿಂಗಳ ನಂತರ, 2014ರ ಏಪ್ರಿಲ್ 21ರಂದು, ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಲೀಗ್ ಗೆದ್ದರು. ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದಿದ್ದ ಡೆಂಪೊವನ್ನು ಅದರ ಅಂಗಳದಲ್ಲೇ ಸೋಲಿಸಿದ್ದು!

ಪಂದ್ಯಕ್ಕೆ ಮುಂಚಿನ ಆರು ದಿನ

ಹಣ ಇದ್ದದ್ದರಿಂದ ಗೆದ್ದರು ಎಂಬ ಮಾತು ಆಗಲೇ ಇತ್ತು. ಅರ್ಧ ನಿಜ. ಸಂಬಳ ವೇಳೆಗೆ ಸರಿಯಾಗಿ ಬರುವ ಕ್ಲಬ್ ಆ ಕಾಲದ ಭಾರತದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಆದರೆ ದುಡ್ಡು ಸುರಿದು ಏನೂ ಗೆಲ್ಲದ ಕ್ಲಬ್‌ಗಳ ಪಟ್ಟಿಯೂ ಉದ್ದವೇ ಇದೆ.

ವೆಸ್ಟ್‌ವುಡ್ ಗಮನವೆಲ್ಲ ಪಂದ್ಯಕ್ಕೆ ಮುಂಚಿನ ಆರು ದಿನಗಳ ಮೇಲೆ. ಆಟಗಾರ ಏನು ತಿನ್ನಬೇಕು, ಎಷ್ಟು ಓಡಬೇಕು, ಯಾವಾಗ ದಣಿವಾರಿಸಿಕೊಳ್ಳಬೇಕು ಎಂಬುದನ್ನೆಲ್ಲ ಲೆಕ್ಕ ಹಾಕುತ್ತಿದ್ದರು. ಎದುರಾಳಿಯ ಪಂದ್ಯಗಳ ವಿಡಿಯೊ ನೋಡಿ ತಯಾರಾಗುವುದು ಅಭ್ಯಾಸದಷ್ಟೇ ಕಡ್ಡಾಯ. ತಂಡ ಕೊನೆಯ ಇಪ್ಪತ್ತು ನಿಮಿಷವೂ ಓಡುತ್ತಿತ್ತು; ಆಗಿನ ಐ-ಲೀಗ್‌ನಲ್ಲಿ ಬಹಳ ತಂಡಗಳಿಗೆ ಅದು ಆಗುತ್ತಿರಲಿಲ್ಲ. ಕಾರ್ನರ್, ಫ್ರೀ ಕಿಕ್‌ಗಳಿಂದ ಗೋಲು ತೆಗೆಯುವುದರಲ್ಲೂ ಪಳಗಿದರು: ಯೂಜೀನ್‌ಸನ್ ಲಿಂಗ್ಡೊ ಚೆಂಡು ಹಾಕುವುದು, ಉದ್ದನೆಯ ಡಿಫೆಂಡರ್‌ಗಳು ತಲೆ ಕೊಡುವುದು.

ಕಣ್ಣಿಗೆ ಹಬ್ಬವಾಗುವ ಆಟವೇನೂ ಅಲ್ಲ. 2016ರಲ್ಲಿ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಅವರ ಪಾಸಿಂಗ್ ಆಟ ನೋಡಿದವರಿಗೆ ವೆಸ್ಟ್‌ವುಡ್ ತಂಡ ಒರಟಾಗಿ ಕಂಡರೆ ತಪ್ಪಲ್ಲ. ಆದರೆ ರೋಕಾ ಕೈಗೆ ಸಿಕ್ಕಿದ್ದು ಗೆಲ್ಲುವ ರೂಢಿಯಿದ್ದ ತಂಡ. ವೆಸ್ಟ್‌ವುಡ್‌ಗೆ ಸಿಕ್ಕಿದ್ದು ಬರೀ ಹೆಸರು.

ಕಂಠೀರವದ ಮಳೆ, ಎರಡನೇ ಲೀಗ್

2015ರ ಜನವರಿಯಲ್ಲಿ ಮತ್ತೆ ಡೆಂಪೊವನ್ನೇ 2–1ರಿಂದ ಸೋಲಿಸಿ ಫೆಡರೇಶನ್ ಕಪ್ ಗೆದ್ದರು. ಆ ವರ್ಷ ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂದಿತ್ತು. 

ಅದೇ ವರ್ಷದ ಮೇ 31. ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ಬೆಂಗಳೂರು ಗೆಲ್ಲಲೇಬೇಕು, ಬಾಗಾನ್‌ಗೆ ಡ್ರಾ ಸಾಕು. ಜೋರು ಮಳೆ. ಮೊದಲಾರ್ಧದಲ್ಲಿ ಜಾನ್ಸನ್ ಗೋಲು ಹೊಡೆದು ಮುನ್ನಡೆ ಕೊಟ್ಟರು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಒಳಗೆ ಹೋಯಿತು. 1–1. ಕಾರ್ನರ್‌ಗಳಿಂದಲೇ ಬದುಕಿದ್ದ ತಂಡ ಲೀಗ್ ಕಳೆದುಕೊಂಡದ್ದು ಕಾರ್ನರ್ ಒಂದರಿಂದಲೇ.

ಮರುವರ್ಷ, 2016ರ ಏಪ್ರಿಲ್ 17ರಂದು, ಅದೇ ಅಂಗಳದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2–0 ಗೆದ್ದು ಟ್ರೋಫಿ ಮರಳಿ ತಂದರು. ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನ ಕಿಚ್ಚೀ ತಂಡವನ್ನು ಸೋಲಿಸಿ ಎಎಫ್‌ಸಿ ಕಪ್ ಕ್ವಾರ್ಟರ್‌ಫೈನಲ್ ತಲುಪಿಸಿದ ಮೇಲೆ ವೆಸ್ಟ್‌ವುಡ್ ಹೊರಟರು. ಆ ಟೂರ್ನಿಯ ಫೈನಲ್‌ವರೆಗೆ ತಂಡವನ್ನು ಒಯ್ದದ್ದು ರೋಕಾ.

ಎದುರು ಬೆಂಚಿನಿಂದ

ಮಲೇಶಿಯಾದ ಪೆನಾಂಗ್, ಕೋಲ್ಕತ್ತದ ಎಟಿಕೆ, ಪಂಜಾಬ್‌ನ ರೌಂಡ್‌ಗ್ಲಾಸ್, ಎಲ್ಲೂ ವೆಸ್ಟ್‌ವುಡ್‌ಗೆ ಬೆಂಗಳೂರಿನಂಥ ಫಲ ಸಿಗಲಿಲ್ಲ. 2023ರ ಕೊನೆಗೆ ಅಫ್ಗಾನಿಸ್ತಾನದ ರಾಷ್ಟ್ರೀಯ ತಂಡ ವಹಿಸಿಕೊಂಡರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಆ ತಂಡದ ವಿರುದ್ಧ ಛೇತ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯ ಆಡಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ಆದರೂ ಭಾರತ 1–2ರಿಂದ ಸೋತಿತು. ಗೆದ್ದ ಬೆಂಚಿನಲ್ಲಿ ಕೂತಿದ್ದವರು ಛೇತ್ರಿಯ ಹಳೆಯ ಕೋಚ್. ಆಮೇಲೆ ಹಾಂಗ್‌ಕಾಂಗ್ ತಂಡ. 2025ರ ಜೂನ್ 10ರಂದು ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಅದೂ ಭಾರತವನ್ನು 1–0ರಿಂದ ಸೋಲಿಸಿತು.

ಅವರ ನಂತರ

ಬಿಎಫ್‌ಸಿ ಆಮೇಲೆ ಕಾರ್ಲೆಸ್ ಕ್ವಾದ್ರಾತ್ ಕೈಯಲ್ಲಿ 2018–19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿಯನ್ನೂ ಸೈಮನ್ ಗ್ರೇಸನ್ ಕೈಯಲ್ಲಿ 2022ರ ಡುರಾಂಡ್ ಕಪ್ಪನ್ನೂ ಗೆದ್ದಿತು. ತರಬೇತಿಯ ನೆಲೆಗಳೂ ಉತ್ತರಕ್ಕೆ ಚಾಚಿದವು: ಯಲಹಂಕ ಕಡೆಯ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ, ಇನ್ನೂ ದೂರದಲ್ಲಿ ಬಳ್ಳಾರಿ ಸೀಮೆಯ ವಿಜಯನಗರದ ಕ್ರೀಡಾ ಸಂಸ್ಥೆ. ಆದರೆ ದೊಡ್ಡ ಟ್ರೋಫಿಗಳ ಕೋಚ್‌ಗಳೆಲ್ಲ ಹೊರದೇಶದವರೇ. ವೆಸ್ಟ್‌ವುಡ್ ಮಾಡಿದ್ದು ಮಾಯಾಮಂತ್ರವಲ್ಲ, ಕಲಿತು ಮಾಡಬಹುದಾದ ದಿನಚರಿ. ನಮ್ಮವರಿಗೂ ಅದು ಸಾಧ್ಯ: 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ ತಂಡದ ಕೋಚ್ ಆಗಿದ್ದವರು ರವಿ ಬಾಬು ರಾಜು. ಐಎಸ್‌ಎಲ್ ಕ್ಲಬ್‌ಗಳು ಮುಂದಿನ ಕೋಚ್ ಹುಡುಕುವಾಗ ಇಂಥ ಹೆಸರುಗಳನ್ನೂ ಒಮ್ಮೆ ನೋಡಲಿ.