ವಿಜಯಪುರದ ಗ್ರಂಥಸೇವಕ ಹಳಕಟ್ಟಿಯವರು

ವಿಜಯಪುರದ ಹೆಸರೆತ್ತಿದೊಡನೆ ಎಲ್ಲರ ಕಣ್ಣಮುಂದೆ ನಿಲ್ಲುವುದು ಗೋಳಗುಮ್ಮಟ. ಆದರೆ ಈ ಊರು ಒಂದು ಕಾಲಕ್ಕೆ ಪುಸ್ತಕಗಳಿಗೂ ಹೆಸರಾಗಿದ್ದಿತು. 1558ರಿಂದ 1580ರವರೆಗೆ ಆಳಿದ ಒಂದನೆಯ ಅಲಿ ಆದಿಲಶಹನು ಪ್ರಯಾಣದಲ್ಲಿಯೂ ಗ್ರಂಥಗಳ ಪೆಟ್ಟಿಗೆಗಳನ್ನು ಜೊತೆಗೆ ಒಯ್ಯುತ್ತಿದ್ದನೆಂದು ಹೇಳುತ್ತಾರೆ. ಅವನ ತರುವಾಯ ಬಂದ ಎರಡನೆಯ ಇಬ್ರಾಹಿಮನು ‘ಕಿತಾಬೆ ನವರಸ’ವನ್ನು ತಾನೇ ರಚಿಸಿದನು, ಚರಿತ್ರಕಾರ ಫೆರಿಸ್ತಾನಿಗೆ ಆಶ್ರಯವಿತ್ತನು. 1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದ ಮೇಲೆ ಅರಸರ ಗ್ರಂಥಭಂಡಾರವು ಚದುರಿತು. ಅಸರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಇಂಗ್ಲಿಷರು ಲಂಡನ್ನಿಗೆ ಸಾಗಿಸಿದರು. ಒಂದೊಂದೇ ಪ್ರತಿಯಾಗಿ ಅರಮನೆಯಲ್ಲಿ ಕುಳಿತ ಪುಸ್ತಕವು ಅಧಿಕಾರ ಹೋದ ಕಡೆಗೆ ತಾನೂ ಹೋಗಬೇಕಾಗುತ್ತದೆ.

ಇದೇ ಊರಿನಲ್ಲಿ ಮುಂದೆ ಒಬ್ಬ ವಕೀಲರು ಗ್ರಂಥರಕ್ಷಣೆಗೆ ಬೇರೊಂದು ದಾರಿಯನ್ನು ಹಿಡಿದರು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ಅಂದಿನ ವಿಜಾಪುರದಲ್ಲಿ ವಕೀಲಿಯಲ್ಲಿ ನೆಲೆಗೊಂಡರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಆದರೆ ಅವರ ಮನಸ್ಸೆಲ್ಲ ನೆಟ್ಟಿದ್ದುದು ತಾಳೆಗರಿಗಳಲ್ಲಿ.

ಶಿವಶರಣರ ವಚನಗಳು ಆಗ ಮಠಗಳಲ್ಲಿಯೂ ಮನೆಯ ಜಗುಲಿಗಳ ಮೇಲೂ ಕಟ್ಟುಕಟ್ಟಾಗಿ ಇದ್ದವು. ಜನರು ಅವುಗಳಿಗೆ ವಿಭೂತಿ ಹಚ್ಚಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ವಿರಳ. ಓದುವ ಕೆಲಸವೂ ಸುಲಭವಾದುದಲ್ಲ. ಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರವು ಮಸಿ ತೀಡಿದ ಹೊರತು ಎದ್ದು ಕಾಣದು. ಪದದಿಂದ ಪದಕ್ಕೆ ಬಿಡುವಿಲ್ಲ. ಹುಳು ತಿಂದ ಕಡೆ ಸಾಲೇ ಮಾಯವಾಗಿರುತ್ತದೆ. ಒಂದು ಪ್ರತಿಯ ಪಾಠ ಇನ್ನೊಂದರಲ್ಲಿ ಇರುವುದಿಲ್ಲ. ಅಂಕಿತವೊಂದೇ ಗುರುತು: ‘ಗುಹೇಶ್ವರ’ ಎಂದಿದ್ದರೆ ಅಲ್ಲಮನದು, ‘ಚೆನ್ನಮಲ್ಲಿಕಾರ್ಜುನ’ ಎಂದಿದ್ದರೆ ಅಕ್ಕನದು. ಕೋರ್ಟಿನ ಕೆಲಸದ ನಡುವೆ ಹಳಕಟ್ಟಿಯವರು ಈ ಕಟ್ಟುಗಳನ್ನು ಹುಡುಕಿ ತಂದರು, ನಕಲು ಮಾಡಿದರು, ಪ್ರತಿಗಳನ್ನು ಒಂದರೊಡನೊಂದು ತಾಳೆ ನೋಡಿದರು. ಕೆಲವೇ ಹೆಸರುಗಳು ತಿಳಿದಿದ್ದ ಕಾಲದಲ್ಲಿ ಇನ್ನೂರಕ್ಕೂ ಮಿಕ್ಕಿದ ವಚನಕಾರರು ಬೆಳಕಿಗೆ ಬಂದರು.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಪರಊರಿನ ಅಚ್ಚುಕೂಟವನ್ನು ನಂಬಿ ಇಷ್ಟು ದೊಡ್ಡ ಕಾರ್ಯ ಸಾಗದೆಂದು ಕಂಡುಕೊಂಡು, ಸ್ವಂತ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಟವು. 1926ರ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೂ ಅವರಿಗೆ ಸಂದಿತು. ಗೌರವ ಹೆಚ್ಚಿದಂತೆ ಹಣ ಹೆಚ್ಚಲಿಲ್ಲ. ಆದರೂ ‘ಶಿವಾನುಭವ’ವನ್ನು ಅವರು ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಊರಿನ ಗೋಳಗುಮ್ಮಟಕ್ಕೆ ಜೊತೆಯಾಗಿ ಬಿ.ಎಂ.ಶ್ರೀಯವರು ಇವರನ್ನು ‘ವಚನ ಗುಮ್ಮಟ’ವೆಂದು ಕರೆದರೆಂಬ ಮಾತು ಇಂದಿಗೂ ಬಳಕೆಯಲ್ಲಿದೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅರಸರ ಪುಸ್ತಕಗಳು ಊರು ಬಿಟ್ಟುಹೋದವು; ವಕೀಲರ ಪುಸ್ತಕಗಳು ಊರೂರಿಗೆ ಹೋದವು. ಎರಡು ಹೋಗುವಿಕೆಗಳಲ್ಲಿ ಎಷ್ಟು ಅಂತರ! ಅಚ್ಚಾದ ವಚನವನ್ನು ಯಾವ ದಂಡೂ ಗಾಡಿಯಲ್ಲಿ ಹೇರಿ ಒಯ್ಯಲಾರದು. ಸಂತೋಷದ ಸಂಗತಿಯೆಂದರೆ, ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವು ಅವರ ಬರಹಗಳನ್ನು ಸಂಪುಟಗಳಾಗಿ ಹೊರತಂದುದಲ್ಲದೆ, ಆದಿಲಶಾಹಿ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತರುವ ಕಾರ್ಯವನ್ನೂ ಕೈಗೊಂಡಿತು. ದೂರ ಹೋದ ಪುಸ್ತಕಗಳು ಹೀಗೆ ಮಾತಿನ ರೂಪದಲ್ಲಿ ಮನೆಗೆ ಮರಳಿದವು.

ತಿಕೋಟಾದಲ್ಲಾಗಲಿ, ಬಬಲೇಶ್ವರದಲ್ಲಾಗಲಿ, ನಿಮ್ಮ ಹಿರಿಯರ ಮನೆಯ ಅಟ್ಟದ ಮೇಲೆ ಅರಿವೆಯಲ್ಲಿ ಸುತ್ತಿಟ್ಟ ಹಳೆಯ ಕಟ್ಟೊಂದು ಇದ್ದೀತು. ಅದನ್ನು ಪೂಜಿಸಿರಿ, ಬೇಡವೆನ್ನುವವರಾರು? ಆದರೆ ಒಮ್ಮೆ ಬಲ್ಲವರಿಗೆ ತೋರಿಸಿ, ನಕಲು ಮಾಡಿಸಿರಿ. ಹಳಕಟ್ಟಿಯವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.