ನೆರೆಯ ಕ್ಯಾಂಪಿನ ಫುಟ್‌ಬಾಲ್

ನಮ್ಮ ತಾಲ್ಲೂಕಿನ ಆಟೋಟಗಳ ಬಗ್ಗೆ ಬರೆಯುವವರು ಕಬಡ್ಡಿ, ಕೊಕ್ಕೊ, ಕುಸ್ತಿ ಎಂದು ಹೇಳಿ ನಿಲ್ಲಿಸುತ್ತಾರೆ. ಫುಟ್‌ಬಾಲ್ ಬಿಟ್ಟುಹೋಗುತ್ತದೆ. ಆದರೆ ಪಿರಿಯಾಪಟ್ಟಣದಿಂದ ಕುಶಾಲನಗರದ ಕಡೆ ಹೋಗಿಬರುವವರು, ಬೈಲಕುಪ್ಪೆಯ ಕ್ಯಾಂಪುಗಳಲ್ಲಿ ಸಂಜೆ ಹೊತ್ತು ಚೆಂಡು ಒದೆಯುವ ಟಿಬೆಟನ್ ಹುಡುಗರನ್ನು ನೋಡಿಯೇ ಇರುತ್ತೀರಿ. ಆ ಆಟಕ್ಕೆ ದೊಡ್ಡದೊಂದು ಚರಿತ್ರೆಯಿದೆ.

1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಮೇಲೆ, ಅಂದಿನ ಮೈಸೂರು ಸರ್ಕಾರ ನಿರಾಶ್ರಿತರಿಗಾಗಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960-61ರಲ್ಲಿ ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ವಸಾಹತು ಆಯಿತು. ದಲೈಲಾಮಾ ಅವರ ತಾಯಿ 1981ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅದೇ ವರ್ಷ 'ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಗೋಲ್ಡ್ ಕಪ್' ಪಂದ್ಯಾವಳಿ ಶುರುವಾಯಿತು. ಬೇರೆ ಬೇರೆ ವಸಾಹತುಗಳ ತಂಡಗಳು ಸೇರುವ ಈ ಕಪ್ಪೇ ಅವರಿಗೆ ಲೀಗ್ ಇದ್ದಂತೆ, ನೆಂಟರು ಕೂಡುವ ಜಾತ್ರೆಯೂ ಹೌದು.

ರಾಷ್ಟ್ರೀಯ ತಂಡದ ಕಥೆ ಇನ್ನೂ ವಿಚಿತ್ರ. ಟಿಬೆಟ್‌ನಲ್ಲಿ ಸೈಕಲ್ ತುಳಿದು ಬಂದಿದ್ದ ಡೆನ್ಮಾರ್ಕಿನ ಮೈಕೆಲ್ ನೈಬ್ರಾಂಟ್ ಎಂಬ ಯುವಕ ಪಟ್ಟು ಹಿಡಿದು ಒಂದು ಪಂದ್ಯ ಏರ್ಪಡಿಸಿದ. 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಟಿಬೆಟ್ ತಂಡ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿತು. ಫಿಫಾದ ಮಾನ್ಯತೆ ಎರಡಕ್ಕೂ ಇರಲಿಲ್ಲ. ಆಡಿದರೆ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ಚೀನಾ ಕಡೆಯಿಂದ ಎಚ್ಚರಿಕೆ ಬಂತು; ಗ್ರೀನ್‌ಲ್ಯಾಂಡ್ ಚೀನಾಕ್ಕೆ ಸಿಗಡಿ ಮಾರುವ ನಾಡು. ಆದರೂ ಅವರು ಹಿಂದೆ ಸರಿಯಲಿಲ್ಲ. ಮೊದಲ ಗೋಲು ಹೊಡೆದದ್ದು ಟಿಬೆಟ್! ಕೊನೆಗೆ 4-1ರಿಂದ ಸೋತರು. ನನಗೆ ಗೆಲುವು-ಸೋಲಿಗಿಂತ ಆ ಸಿಗಡಿಯ ವಿಷಯವೇ ದೊಡ್ಡದಾಗಿ ಕಾಣುತ್ತದೆ. ತೊಂಬತ್ತು ನಿಮಿಷದ ಆಟಕ್ಕೆ ಒಂದು ಪುಟ್ಟ ನಾಡು ತನ್ನ ಅನ್ನವನ್ನು ಪಣಕ್ಕಿಟ್ಟಿತ್ತು.

2006ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಜಿಬ್ರಾಲ್ಟರ್ ಎದುರು ಆಡಿ ಸೋತರು. 2017ರಲ್ಲಿ ಅಮೆರಿಕದ ಡಲ್ಲಾಸ್‌ಗೆ ಆಡಲು ಹೊರಟಿದ್ದ ಟಿಬೆಟ್ ಯುವತಿಯರ ತಂಡಕ್ಕೆ ವೀಸಾ ಸಿಗಲಿಲ್ಲ. 2018ರಲ್ಲಿ ಪುರುಷರ ತಂಡ ಲಂಡನ್‌ನಲ್ಲಿ, ಫಿಫಾದ ಹೊರಗಿರುವ ತಂಡಗಳ ವಿಶ್ವಕಪ್‌ನಲ್ಲಿ ಆಡಿತು. ಇವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಪಾಸ್‌ಪೋರ್ಟ್ ಅಲ್ಲ, ಭಾರತ ಸರ್ಕಾರ ಕೊಡುವ ಹಳದಿ ಬಣ್ಣದ ಗುರುತಿನ ಪುಸ್ತಿಕೆ.

ಸಾಫ್ಟ್‌ವೇರ್ ಫಾರಂಗಳಲ್ಲಿ ದೇಶಗಳ ಪಟ್ಟಿ ಇರುತ್ತದಲ್ಲ, ಅದನ್ನು ಜೋಡಿಸುವುದು ನನ್ನಂಥವರ ಕೆಲಸ. ಆ ಪಟ್ಟಿಯಲ್ಲಿ ಗ್ರೀನ್‌ಲ್ಯಾಂಡ್ ಇದೆ, ಜಿಬ್ರಾಲ್ಟರ್ ಇದೆ, ಟಿಬೆಟ್ ಇಲ್ಲ. ಜಿಬ್ರಾಲ್ಟರ್ 2016ರಲ್ಲಿ ಫಿಫಾ ಸೇರಿತು. ಗ್ರೀನ್‌ಲ್ಯಾಂಡ್ ಉತ್ತರ ಅಮೆರಿಕದ ಒಕ್ಕೂಟಕ್ಕೆ ಹಾಕಿದ ಅರ್ಜಿ 2025ರಲ್ಲಿ ತಿರಸ್ಕೃತವಾಯಿತು. ಟಿಬೆಟ್‌ನ ತಂಡ ಹಾಗೆಯೇ ಹೊರಗೆ ನಿಂತಿದೆ.

ಅತ್ತ ಲಾಸಾದಲ್ಲೂ ಒಂದು ವೃತ್ತಿಪರ ಕ್ಲಬ್ ಹುಟ್ಟಿತ್ತು. ಲಾಸಾ ಚೆಂಗ್‌ಟೌ ಎಂಬ ಆ ತಂಡ 2019ರಲ್ಲಿ ಚೀನಾದ ಮೂರನೇ ದರ್ಜೆಯ ಲೀಗಿನಲ್ಲಿ ಆಡಿತು. ಹೆಚ್ಚು ಕಾಲ ಬಾಳಲಿಲ್ಲ. ಹಣವಿದ್ದವರ ಕ್ಲಬ್‌ಗಳೇ ಅಲ್ಲಿ ಉಳಿಯಲಿಲ್ಲ ಬಿಡಿ. ಎಂಟು ಬಾರಿ ಚೀನಾದ ಚಾಂಪಿಯನ್ ಆಗಿದ್ದ ಗುವಾಂಗ್‌ಝೌ ಸಾಲದಲ್ಲಿ ಮುಳುಗಿ 2025ರ ಜನವರಿಯಲ್ಲಿ ವೃತ್ತಿಪರ ಲೀಗಿನಿಂದಲೇ ಹೊರಬಿತ್ತು. ಮಾಲೀಕನೇ ಇಲ್ಲದ, ಸಂಬಳವೂ ಇಲ್ಲದ ಗೋಲ್ಡ್ ಕಪ್ ಮಾತ್ರ ನಾಲ್ಕು ದಶಕ ದಾಟಿತು.

ಇಷ್ಟು ಹತ್ತಿರವಿದ್ದರೂ ನಾವು ಅವರಲ್ಲಿಗೆ ಹೋಗುವುದು ಗೋಲ್ಡನ್ ಟೆಂಪಲ್ ನೋಡಲು, ಮೋಮೊ ತಿನ್ನಲು, ಸ್ವೆಟರ್ ಕೊಳ್ಳಲು. ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಕ್ಯಾಂಪಿನ ಒಂದು ತಂಡವನ್ನು ನಮ್ಮ ಶಾಲೆಯ ಮೈದಾನಕ್ಕೆ ಕರೆಯಬಾರದೇಕೆ ಎಂದು ಹಳೆಯ ವಿದ್ಯಾರ್ಥಿಗಳ ಸಂಘವನ್ನು ಕೇಳುತ್ತಿದ್ದೇನೆ. ಗೋಲುಕಂಬ, ಚೆಂಡು, ಎರಡೂ ತಂಡಗಳ ಮಧ್ಯಾಹ್ನದ ಊಟದ ಖರ್ಚು ನಮ್ಮ ಬ್ಯಾಚಿನದು. ದಿನಾಂಕವನ್ನು ಮುಖ್ಯೋಪಾಧ್ಯಾಯರು ಹೇಳಲಿ.